ಕಠಿನ ಪದಗಳ ಸಹವಾಸ

ಇಂಗ್ಲಿಷಿನವರು 'ವೊಕ್ಯಾಬ್ಯುಲರಿ' ಎನ್ನುವುದಕ್ಕೆ ನಮ್ಮವರು 'ಶಬ್ದಸಂಪತ್ತು' ಎಂದು ಹೆಸರಿಟ್ಟಿದ್ದಾರೆ. ಹೆಸರೇನೋ ಚೆನ್ನಾಗಿದೆ, ಆದರೆ ಸಂಪತ್ತು ಎಂದೊಡನೆ ಮನುಷ್ಯನ ಬುದ್ಧಿ ಹಿಡಿಯುವ ದಾರಿಯೇ ಬೇರೆ. ಹಣದ ವಿಷಯದಲ್ಲಿ ಏನೇನು ಮಾಡುತ್ತೇವೆಯೋ ಅದನ್ನೆಲ್ಲ ಶಬ್ದದ ವಿಷಯದಲ್ಲೂ ಮಾಡತೊಡಗುತ್ತೇವೆ. ಕೆಲವರು ಕೂಡಿಡುತ್ತಾರೆ, ಎಷ್ಟಾಯಿತು ಎಂದು ಆಗಾಗ ಎಣಿಸಿ ನೋಡಿ ಸಂತೋಷಪಡುತ್ತಾರೆ. ಕೆಲವರು ಒಡವೆಯಂತೆ ಮೈತುಂಬ ಹೇರಿಕೊಂಡು ಮದುವೆಮನೆಯಲ್ಲಿ ತಿರುಗಾಡುತ್ತಾರೆ. ಇನ್ನು ಕೆಲವರು ಬಡ್ಡಿಗೆ ಬಿಡುತ್ತಾರೆ. ಎಂದರೆ ಸಾಯಂಕಾಲ ಮನೆಪಾಠ ಹೇಳುತ್ತಾರೆ. ಬೇಕಾದಾಗ ಖರ್ಚುಮಾಡಿ, ಮಿಕ್ಕ ಹೊತ್ತು ಅದರ ಗೊಡವೆಯೇ ಇಲ್ಲದೆ ಇರುವವರು ಬಹಳ ಕಡಮೆ.

ಈ ಆಸೆ ಇಂದು ನಿನ್ನೆಯದಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕದ ಅಂಗಡಿಯ ಮುಂದೆ ಐದು ನಿಮಿಷ ನಿಂತವರಿಗೆ ಇದು ಗೊತ್ತು. ನಾರ್ಮನ್ ಲೂಯಿಸ್ ಎಂಬ ಅಮೆರಿಕದ ಲೇಖಕ ೧೯೪೯ರಲ್ಲಿ ಬರೆದ 'ವರ್ಡ್ ಪವರ್ ಮೇಡ್ ಈಜಿ' ಎಂಬ ಪುಸ್ತಕ ಇಂದಿಗೂ ಮಾರಾಟವಾಗುತ್ತಿದೆ. ಅದರಲ್ಲಿ ಮೊದಲ ಮೂವತ್ತು ಪುಟಗಳ ಅಂಚು ಕೊಳೆಯಾಗಿದ್ದು ಉಳಿದ ಪುಟಗಳು ಹೊಸದರಂತೆ ಇರುವುದೇ ಹೆಚ್ಚು. 'ರೀಡರ್ಸ್ ಡೈಜೆಸ್ಟ್' ಪತ್ರಿಕೆ ೧೯೪೫ರಲ್ಲಿ ಶಬ್ದಪರೀಕ್ಷೆಯ ಪುಟವೊಂದನ್ನು ಆರಂಭಿಸಿತು. ೧೯೫೪ರಲ್ಲಿ ಅದರ ಭಾರತದ ಆವೃತ್ತಿ ಹೊರಟ ಮೇಲೆ ನಮ್ಮ ಮಧ್ಯಮವರ್ಗದ ಮನೆಗಳಲ್ಲೂ ಆ ಪುಟ ಭಾನುವಾರದ ಕಾಫಿಯೊಂದಿಗೆ ನಡೆಯುವ ಒಂದು ಆಟವಾಯಿತು. ಈಗ ಪುಸ್ತಕ, ಪತ್ರಿಕೆ ಎರಡರ ಜಾಗಕ್ಕೂ ಮೊಬೈಲು ಬಂದಿದೆ. ದಿನಕ್ಕೊಂದು ಪದವನ್ನು ಅದು ತಾನಾಗಿಯೇ ಕೂಗಿ ಹೇಳುತ್ತದೆ. ಕೇಳಿಸಿಕೊಂಡೆವು ಎಂದುಕೊಂಡು ನಾವು ಮುಂದಕ್ಕೆ ಹೋಗುತ್ತೇವೆ.

ಹಾಗಾದರೆ ಒಬ್ಬ ಮನುಷ್ಯನಿಗೆ ಎಷ್ಟು ಶಬ್ದ ಬೇಕು? ಈ ಲೆಕ್ಕವನ್ನು ಕೆಲವು ಮಹನೀಯರು ಬಹಳ ಶ್ರದ್ಧೆಯಿಂದ ಹಾಕಿದ್ದಾರೆ. ೧೯೨೮ರಲ್ಲಿ ಮುಗಿದ ಆಕ್ಸ್‌ಫರ್ಡಿನ ಮಹಾನಿಘಂಟಿನ ಮೊದಲ ಆವೃತ್ತಿಯಲ್ಲಿ ನಾಲ್ಕು ಲಕ್ಷಕ್ಕೂ ಮಿಗಿಲಾದ ಪದಗಳಿದ್ದವು. ಅದನ್ನು ಕಂಡು ಎದೆಯೊಡೆದುಕೊಳ್ಳಬೇಕಾಗಿಲ್ಲ. ೧೯೩೦ರಲ್ಲಿ ಸಿ. ಕೆ. ಆಗ್ಡನ್ ಎಂಬ ವಿದ್ವಾಂಸರು ೮೫೦ ಪದಗಳನ್ನು ಆರಿಸಿ, ಇಷ್ಟರಲ್ಲೇ ಸಂಸಾರ ಸಾಗಿಸಬಹುದು ಎಂದರು. ಅದು ಒಪ್ಪೊತ್ತಿನ ಊಟದಂತಾಯಿತು. ೧೯೫೩ರಲ್ಲಿ ಮೈಕೇಲ್ ವೆಸ್ಟ್ ಎಂಬುವರು ಸುಮಾರು ೨೦೦೦ ಪದಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಈ ವೆಸ್ಟ್ ಅವರು ನಮಗೆ ತೀರ ಹೊರಗಿನವರಲ್ಲ. ಅವಿಭಕ್ತ ಬಂಗಾಳದ ಢಾಕಾದಲ್ಲಿ ಅಧ್ಯಾಪಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ಬಂಗಾಳದ ಹುಡುಗನಿಗೆ ಇಂಗ್ಲಿಷು ಮಾತನಾಡುವುದಕ್ಕಿಂತ ಹೆಚ್ಚಾಗಿ ಓದಿ ತಿಳಿದುಕೊಳ್ಳುವುದಕ್ಕೆ ಬೇಕು, ಆದ್ದರಿಂದ ಓದುವುದನ್ನು ಮೊದಲು ಕಲಿಸಿ ಎಂದು ೧೯೨೬ರಷ್ಟು ಹಿಂದೆಯೇ ವಾದಿಸಿದವರು. ಆ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಸಾಮಾನ್ಯವಾದ ಇಂಗ್ಲಿಷು ಬರಹದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಪದಗಳು ಇಂಥ ಎರಡು ಸಾವಿರದ ಒಳಗೇ ಸಿಕ್ಕಿಬಿಡುತ್ತವೆ. ಮನೆಗೆಲಸವನ್ನೆಲ್ಲ ಮಾಡುವ ಪದಗಳು ಅವು. ಉಳಿದ ಲಕ್ಷಗಟ್ಟಲೆ ಪದಗಳು ಅಪರೂಪಕ್ಕೆ ಬರುವ ನೆಂಟರು. ಹಾಗೆಂದು ನೆಂಟರನ್ನು ಉಪೇಕ್ಷೆ ಮಾಡುವ ಹಾಗಿಲ್ಲ. ಒಂದು ವಾಕ್ಯದಲ್ಲಿ ನಾಲ್ಕು ಪದ ಅರ್ಥವಾಗಿ ಐದನೆಯದು ಅರ್ಥವಾಗದೆ ಹೋದರೆ, ಎಷ್ಟೋ ವೇಳೆ ಆ ಐದನೆಯದೇ ವಾಕ್ಯದ ಯಜಮಾನನಾಗಿರುತ್ತದೆ. 'ಮೇಲ್ಕಂಡವರು ತಮ್ಮ ಪಾಲನ್ನು' ಎಂಬಷ್ಟು ಅರ್ಥವಾಗಿ, ಪಾಲನ್ನು ಪಡೆದರೋ ಕಳೆದುಕೊಂಡರೋ ಎಂಬುದು ಮಾತ್ರ ಅರ್ಥವಾಗದಿದ್ದರೆ ಓದಿದ ಫಲವೇನು? ಕಠಿನ ಪದಗಳ ಸಹವಾಸ ನಮಗೆ ಬೇಕಾಗಿರುವುದು ಇಲ್ಲಿಯೇ. ಆದರೆ ನಮ್ಮಲ್ಲಿ ಬಹುಮಂದಿ ಆ ಸಹವಾಸವನ್ನು ಬೇರೆ ಉದ್ದೇಶಕ್ಕಾಗಿ ಬೆಳೆಸುತ್ತಾರೆ.

ನಾನು ಕಂಡ ಒಂದು ಸಮಾರಂಭವನ್ನು ಹೇಳುತ್ತೇನೆ. ಒಂದು ತಾಲ್ಲೂಕು ಕೇಂದ್ರದಲ್ಲಿ, ವರ್ಗವಾಗಿ ಹೋಗುತ್ತಿದ್ದ ಅಧಿಕಾರಿಯೊಬ್ಬರಿಗೆ ಬೀಳ್ಕೊಡುಗೆ. ಬಿನ್ನವತ್ತಳೆಯನ್ನು ಇಂಗ್ಲಿಷಿನಲ್ಲಿ ಬರೆದವರು ಆ ಊರಿಗೆಲ್ಲ ಇಂಗ್ಲಿಷು ಪಂಡಿತರೆಂದು ಹೆಸರಾಗಿದ್ದ ಹಿರಿಯರು. ನಿಘಂಟನ್ನು ಅಕ್ಷರಕ್ರಮದಲ್ಲಿ ಬಾಯಿಪಾಠ ಮಾಡುತ್ತ ಬಂದು ಆ ವೇಳೆಗೆ 'ಪಿ' ಅಕ್ಷರದವರೆಗೆ ಮುಟ್ಟಿದ್ದರೆಂದು ಪ್ರತೀತಿ. ಆ ಅಧಿಕಾರಿಗಳು ಕಚೇರಿಯ ಕೆಲಸದಲ್ಲಿ ಬಹಳ ನಿಷ್ಠೆಯುಳ್ಳವರು ಎಂದು ಹೇಳಬೇಕಾಗಿತ್ತು. ಪಂಡಿತರು 'ಆಫೀಸ್' ಎಂಬುದರಿಂದ ಹುಟ್ಟಿದ ಗಂಭೀರವಾದ ವಿಶೇಷಣವೊಂದನ್ನು ಹುಡುಕಿ 'ಮೋಸ್ಟ್ ಆಫಿಷಿಯಸ್ ಆಫೀಸರ್' ಎಂದು ಓದಿದರು. ಆಫಿಷಿಯಸ್ ಎಂದರೆ ಯಾರೂ ಕೇಳದೆ ಎಲ್ಲದರಲ್ಲೂ ತಲೆಹಾಕಿ ಅಧಿಕಾರ ಚಲಾಯಿಸುವವನು ಎಂದರ್ಥ. ಸಭೆ ಚಪ್ಪಾಳೆ ತಟ್ಟಿತು. ಅಧಿಕಾರಿಗಳ ಮುಖ ಸ್ವಲ್ಪ ಕೆಂಪಾಯಿತು. ಆದರೆ ಕೊರಳಲ್ಲಿ ಹಾರವಿದ್ದುದರಿಂದ ನಗಬೇಕಾಯಿತು. ಅವರ ಕೈಕೆಳಗಿನ ಗುಮಾಸ್ತರು ಮಾತ್ರ ಆ ವಿಶೇಷಣ ಬಹಳ ಸಮಂಜಸವಾಗಿತ್ತೆಂದು ಎಷ್ಟೋ ದಿನ ಹೇಳಿಕೊಳ್ಳುತ್ತಿದ್ದರು.

ಪಂಡಿತರಿಗೆ ಪದ ಗೊತ್ತಿತ್ತು; ಅದು ಯಾರ ಜೊತೆಯಲ್ಲಿ ಓಡಾಡುತ್ತದೆಂಬುದು ಗೊತ್ತಿರಲಿಲ್ಲ. ಶಬ್ದಗಳಿಗೂ ಮನುಷ್ಯರಂತೆ ನೆರೆಹೊರೆಯುಂಟು. ಇಂಗ್ಲಿಷಿನವನ ಚಹ 'ಸ್ಟ್ರಾಂಗ್' ಆಗಿರಬಹುದು, 'ಪವರ್‌ಫುಲ್' ಆಗಿರಲಾರದು. ಎಂಜಿನ್ನು 'ಪವರ್‌ಫುಲ್' ಆಗಿರಬಹುದು. ನಿಘಂಟಿನಲ್ಲಿ ಎರಡಕ್ಕೂ ಶಕ್ತಿಯೆಂದೇ ಅರ್ಥ. ನಮ್ಮಲ್ಲಿ ಮಾತ್ರ ಬೇರೆಯೇ? ನಾವು ಅನ್ನ ತಿನ್ನುತ್ತೇವೆ, ಏಟು ತಿನ್ನುತ್ತೇವೆ, ಲಂಚವನ್ನೂ ತಿನ್ನುತ್ತೇವೆ. ಆದರೆ ಅವಮಾನವನ್ನು ತಿನ್ನುವುದಿಲ್ಲ, ಪಡುತ್ತೇವೆ. ಕನ್ನಡ ಕಲಿಯುವ ಪರದೇಶದವನಿಗೆ ಇದನ್ನು ಯಾವ ಸೂತ್ರದಿಂದ ವಿವರಿಸುವುದು? ಜೊತೆಯಲ್ಲಿದ್ದು ಕೇಳಿ ಕಲಿಯಬೇಕು, ಅಷ್ಟೆ.

ನಮ್ಮ ಪಕ್ಕದ ಮನೆಯಲ್ಲಿ ಎಂಜಿನಿಯರಿಂಗ್ ಓದಿ ಮುಗಿಸಿದ ಹುಡುಗಿಯೊಬ್ಬಳಿದ್ದಾಳೆ. ಅಮೆರಿಕಕ್ಕೆ ಹೋಗುವುದಕ್ಕಾಗಿ ಜಿ.ಆರ್.ಇ. ಎಂಬ ಪರೀಕ್ಷೆಗೆ ಸಿದ್ಧವಾಗುತ್ತಿದ್ದಾಳೆ. ಅದಕ್ಕೆಂದೇ ಮೂರೂವರೆ ಸಾವಿರ ಪದಗಳ ಪಟ್ಟಿಯೊಂದು ವಿದ್ಯಾರ್ಥಿಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತದೆ. ಸಂಜೆ ಮಹಡಿಯ ಮೇಲೆ ಅತ್ತಿಂದಿತ್ತ ನಡೆಯುತ್ತ ಅವಳು ಅದನ್ನು ಉರುಹೊಡೆಯುವುದನ್ನು ಕೇಳಿದರೆ, ಹಿಂದೆ ನಮ್ಮ ಹುಡುಗರು ಅಮರಕೋಶ ಒಪ್ಪಿಸುತ್ತಿದ್ದುದು ನೆನಪಾಗುತ್ತದೆ. ಒಂದು ದಿನ ನನ್ನನ್ನು ಕಂಡು ನಿಂತಳು.

"ತಾತ, 'ಲೊಕ್ವೇಷಿಯಸ್' ಅಂದ್ರೆ ಮಾತಾಳಿ. 'ಗ್ಯಾರುಲಸ್' ಅಂದ್ರೂ ಮಾತಾಳಿ. 'ವರ್ಬೋಸ್' ಅಂದ್ರೂ ಹೆಚ್ಚುಕಡಮೆ ಅದೇ. ಒಂದು ಅರ್ಥಕ್ಕೆ ಇಷ್ಟು ಪದ ಯಾಕೆ ಇಟ್ಕೊಂಡಿದಾರೆ ಇವರು?"

"ನಿಮ್ಮ ಅಜ್ಜಿಯನ್ನು ಏನಂತ ಕರೀತೀಯೆ? ಮಾತಾಳಿ ಅಂತಲೋ, ಬಾಯಿಬಡುಕಿ ಅಂತಲೋ?"

"ಅಯ್ಯೋ, ಬಾಯಿಬಡುಕಿ ಅಂದ್ರೆ ಅಜ್ಜಿ ಸುಮ್ಮನಿರ್ತಾರಾ?"

"ಯಾಕೆ? ಇಬ್ಬರೂ ಜಾಸ್ತಿ ಮಾತಾಡೋರೇ ಅಲ್ಲವೇನಮ್ಮ?"

ಹುಡುಗಿ ಬುದ್ಧಿವಂತೆ, ನಕ್ಕುಬಿಟ್ಟಳು. ಮಾತಾಳಿಯ ಮಾತಿನಲ್ಲಿ ಸ್ನೇಹವಿರಬಹುದು. ಬಾಯಿಬಡುಕಿಯಿಂದ ತಪ್ಪಿಸಿಕೊಂಡು ಓಡಬೇಕೆನಿಸುತ್ತದೆ. ವಾಗ್ಮಿಯ ಮಾತನ್ನು ಕೇಳಲು ಜನ ಕಾಸು ಕೊಟ್ಟು ಬರುತ್ತಾರೆ. ಇಂಗ್ಲಿಷಿನಲ್ಲೂ ಹಾಗೆಯೇ. ಲೊಕ್ವೇಷಿಯಸ್ ಎಂಬುವನಿಗೆ ಮಾತು ಪ್ರಿಯ, ಅಷ್ಟೇ. ಗ್ಯಾರುಲಸ್ ಎಂಬುವನು ಹುರುಳಿಲ್ಲದ್ದನ್ನೇ ಎಳೆದೆಳೆದು ಹೇಳಿ ಬೇಸರ ಹುಟ್ಟಿಸುವವನು. ವರ್ಬೋಸ್ ಎಂಬುವನು ಎರಡು ಮಾತಿನಲ್ಲಿ ಮುಗಿಯುವುದಕ್ಕೆ ಇಪ್ಪತ್ತು ಮಾತು ಬಳಸುವವನು. ಕನ್ನಡದಲ್ಲಿ ಇಂಥ ಭೇದಗಳನ್ನು ಬಲ್ಲವನಿಗೆ ಇಂಗ್ಲಿಷಿನ ಭೇದ ಸುಲಭವಾಗಿ ಹಿಡಿಯುತ್ತದೆ. ಹೊಸ ಪದವನ್ನಿಡಲು ಅವನ ತಲೆಯಲ್ಲಿ ಮೊದಲೇ ಬೇರೆ ಬೇರೆ ಗೂಡುಗಳಿರುತ್ತವೆ. ತನ್ನ ಭಾಷೆಯಲ್ಲಿ ಒಂದೇ ಗೂಡಿರುವವನು ಮೂರು ಪದಗಳನ್ನೂ ಅದರಲ್ಲೇ ತುರುಕುತ್ತಾನೆ. ಆಮೇಲೆ ಕೈಹಾಕಿದಾಗ ಯಾವುದು ಸಿಕ್ಕುವುದೋ ಅದೇ ಅವನ ಪಾಲಿಗೆ. ಒಳ್ಳೆಯ ಇಂಗ್ಲಿಷು ಬರಲಿ ಎಂದು ಮನೆಯಲ್ಲಿ ಕನ್ನಡವನ್ನು ಬಿಡಿಸುವ ತಾಯಿತಂದೆಗಳು ಇದನ್ನು ಸ್ವಲ್ಪ ಯೋಚಿಸಿದರೆ ಒಳ್ಳೆಯದು.

ಅಂದಹಾಗೆ, ಆ ಪರೀಕ್ಷೆ ನಡೆಸುವವರಿಗೂ ಈ ವಿವೇಕ ಉದಿಸಿದಂತಿದೆ. ಒಂಟಿ ಪದವೊಂದನ್ನು ಕೊಟ್ಟು ಅದರ ವಿರುದ್ಧಾರ್ಥವನ್ನು ಕೇಳುವ ಪ್ರಶ್ನೆಗಳನ್ನು ೨೦೧೧ರಲ್ಲಿ ತೆಗೆದುಹಾಕಿದರು. ಈಗ ಇಡೀ ವಾಕ್ಯವನ್ನು ಕೊಟ್ಟು, ಬಿಟ್ಟ ಸ್ಥಳಕ್ಕೆ ಯಾವ ಪದ ಹೊಂದುತ್ತದೆಂದು ಕೇಳುತ್ತಾರೆ. ಪರೀಕ್ಷೆ ಬದಲಾಯಿತು, ಪಟ್ಟಿಯ ಉರು ಮಾತ್ರ ಹಾಗೇ ಉಳಿಯಿತು.

ಪದಗಳನ್ನು ಬೇರಿನಿಂದ ಹಿಡಿಯಬೇಕೆಂಬುದು ಇನ್ನೊಂದು ಮಾರ್ಗ. ಇದರಲ್ಲಿ ನಮಗೆ ಪಿತ್ರಾರ್ಜಿತವಾದ ಒಂದು ಅನುಕೂಲವಿದೆ. ಕಲ್ಕತ್ತೆಯ ನ್ಯಾಯಾಧೀಶರಾಗಿದ್ದ ಸರ್ ವಿಲಿಯಂ ಜೋನ್ಸರು ೧೭೮೬ರಲ್ಲಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕೆಂದು ಹೇಳಿದರು. ಕನ್ನಡದ ಕುಲ ಬೇರೆಯೇ ಆದರೂ ಸಂಸ್ಕೃತದಿಂದ ನಾವು ತಂದುಕೊಂಡಿರುವ ಪದಗಳಿಗೆ ಲೆಕ್ಕವಿಲ್ಲ. ಆದ್ದರಿಂದ ದಂತ ಗೊತ್ತಿದ್ದವನಿಗೆ ಡೆಂಟಿಸ್ಟನು ಅಪರಿಚಿತನಲ್ಲ. ಪಾದವನ್ನು ಬಲ್ಲವನು ಪೆಡೆಸ್ಟ್ರಿಯನ್‌ನನ್ನು ಗುರುತಿಸಬಲ್ಲ. ವಿಧವೆಗೂ ವಿಡೋ ಎಂಬುದಕ್ಕೂ ಸಂಬಂಧವುಂಟು. ೧೮೬೯ರಲ್ಲಿ ಥಾಮಸ್ ಹಕ್ಸ್‌ಲಿ ಎಂಬ ವಿಜ್ಞಾನಿ 'ಅಗ್ನಾಸ್ಟಿಕ್' ಎಂಬ ಪದವನ್ನು ಸೃಷ್ಟಿಸಿದರು. ದೇವರಿದ್ದಾನೆಯೋ ಇಲ್ಲವೋ ತಿಳಿಯುವುದು ಸಾಧ್ಯವಿಲ್ಲ ಎನ್ನುವವನು ಎಂದು ಅದರ ಅರ್ಥ. ಆ ಪದವನ್ನು ಬಿಡಿಸಿ ನೋಡಿದರೆ ಮುಂದೆ ನಿಷೇಧಾರ್ಥದ 'ಅ', ಹಿಂದೆ ತಿಳಿವಳಿಕೆಯನ್ನು ಹೇಳುವ ಗ್ರೀಕ್ ಧಾತು. ನಮ್ಮ 'ಅಜ್ಞ' ಎಂಬುದರ ರಚನೆಯೂ ಇದೇ, ಧಾತುವೂ ದಾಯಾದಿಯೇ. ಒಂದನ್ನು ಹೊಗಳಿಕೆಯಂತೆ ಹೇಳಿಕೊಳ್ಳುತ್ತಾರೆ, ಇನ್ನೊಂದನ್ನು ಹೇಳಿದರೆ ಜಗಳಕ್ಕೆ ಬರುತ್ತಾರೆ!

ಆದರೆ ಬೇರನ್ನೇ ನಂಬಿ ಕೂಡುವುದೂ ಅಪಾಯ. ಇಂಗ್ಲಿಷಿನಲ್ಲಿ ಪದದ ಮುಂದೆ 'ಇನ್' ಸೇರಿದರೆ ಬಹುಮಟ್ಟಿಗೆ 'ಅಲ್ಲದ' ಎಂದರ್ಥ. ಆ ನಿಯಮವನ್ನು ಕಲಿತ ಹುಡುಗ ಪೆಟ್ರೋಲಿನ ಲಾರಿಯ ಹಿಂದೆ 'ಇನ್‌ಫ್ಲೇಮಬಲ್' ಎಂದಿರುವುದನ್ನು ಓದಿ, ಉರಿಯದ ಪದಾರ್ಥ ಎಂದುಕೊಂಡರೆ ಏನು ಗತಿ? ಅಲ್ಲಿಯ 'ಇನ್' ಬೇರೆ; ಆ ಪದಕ್ಕೆ ಸುಲಭವಾಗಿ ಹೊತ್ತಿಕೊಳ್ಳುವಂಥದು ಎಂದೇ ಅರ್ಥ. ಬೇರು ದಾರಿ ತೋರಿಸೀತು, ಮನೆಬಾಗಿಲಿನವರೆಗೆ ಬರಲಾರದು.

ಇಷ್ಟೆಲ್ಲ ಹೇಳಿದ ಮೇಲೆ, ಕಠಿನ ಪದಗಳನ್ನು ನಿಜವಾಗಿ ಸಂಪಾದಿಸಿದವರನ್ನು ಯಾರನ್ನಾದರೂ ಕಂಡಿದ್ದೀರಾ ಎಂದು ಓದುಗರು ಕೇಳಬಹುದು. ಕಂಡಿದ್ದೇನೆ. ಅವಳು ನನ್ನ ಅಕ್ಕ.

ನಮ್ಮದು ಮೈಸೂರಿನಲ್ಲಿ ಗುಮಾಸ್ತರ ಸಂಸಾರ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ೧೯೫೭ರಲ್ಲಿ, ಎಂಟನೆಯ ತರಗತಿ ಮುಗಿಯುತ್ತಲೇ ಅವಳನ್ನು ಶಾಲೆ ಬಿಡಿಸಿದರು. ಅಮ್ಮನಿಗೆ ಮೈಯಲ್ಲಿ ಸ್ವಸ್ಥವಿರಲಿಲ್ಲ, ಕೆಳಗೆ ನಾವು ನಾಲ್ವರಿದ್ದೆವು. ಆ ಕಾಲದಲ್ಲಿ ಅದಕ್ಕೆ ಇನ್ನು ಹೆಚ್ಚಿನ ಕಾರಣ ಬೇಕಾಗಿರಲಿಲ್ಲ. ಎದುರುಮನೆಯ ವಕೀಲರಿಗೆ ಮದರಾಸಿನಿಂದ ಒಂದು ಇಂಗ್ಲಿಷು ದಿನಪತ್ರಿಕೆ ಬರುತ್ತಿತ್ತು. ಅವರು ಓದಿ ಮುಗಿಸಿದ್ದನ್ನು ಮಾರನೆಯ ದಿನ ಅಕ್ಕ ಕೇಳಿ ತರುತ್ತಿದ್ದಳು. ನಮ್ಮ ತಂದೆಯವರು ಕೊಟ್ಟ ಉದ್ದನೆಯ ಒಂದು ಲೆಕ್ಕದ ಪುಸ್ತಕ ಅವಳಲ್ಲಿತ್ತು. ಮಧ್ಯಾಹ್ನ ಮುಸುರೆಯ ಕೆಲಸವೆಲ್ಲ ಮುಗಿದ ಮೇಲೆ ನಡುಮನೆಯ ಕಂಬಕ್ಕೆ ಒರಗಿ ಕುಳಿತು, ಅರ್ಥವಾಗದ ಪದಗಳಲ್ಲಿ ದಿನಕ್ಕೆ ಒಂದನ್ನೋ ಎರಡನ್ನೋ ಅದರಲ್ಲಿ ಬರೆದುಕೊಳ್ಳುವಳು.

ಅವಳು ಬರೆದುಕೊಳ್ಳುತ್ತಿದ್ದ ಕ್ರಮವನ್ನು ಹೇಳಬೇಕು. ಬರಿಯ ಪದವನ್ನು ಅವಳು ಎಂದೂ ಬರೆಯಲಿಲ್ಲ. ಪದ ಬಂದ ಇಡೀ ವಾಕ್ಯವನ್ನು ಇಳಿಸಿಕೊಂಡು, ಪದದ ಕೆಳಗೆ ಗೆರೆ ಎಳೆಯುವಳು. ಕನ್ನಡದಲ್ಲಿ ಅರ್ಥವನ್ನು ಬರೆದು, ಅದರ ಕೆಳಗೆ ಎರಡು ಸಾಲು ಖಾಲಿ ಬಿಡುವಳು. ಆ ಪದ ಮತ್ತೊಮ್ಮೆ ಎಲ್ಲಾದರೂ ಕಂಡರೆ ಆ ವಾಕ್ಯ ಎರಡನೆಯ ಸಾಲಿಗೆ ಬರಬೇಕು. ಇನ್ನೊಮ್ಮೆ ಕಂಡರೆ ಮೂರನೆಯ ಸಾಲಿಗೆ. ಮೂರು ಸಾಲೂ ತುಂಬಿದ ಪದಕ್ಕೆ ಪಕ್ಕದಲ್ಲಿ ಒಂದು ಚುಕ್ಕೆ. "ಒಂದು ಸಲ ನೋಡಿದರೆ ಮುಖ ಗೊತ್ತಾಗುತ್ತೆ, ಮೂರು ಸಲ ನೋಡಿದರೆ ಗುಣ ಗೊತ್ತಾಗುತ್ತೆ" ಎನ್ನುತ್ತಿದ್ದಳು. ಹೆಣ್ಣು ನೋಡಲು ಬರುವವರಿಗೆ ಅನ್ವಯಿಸಿ ಅಮ್ಮ ಹೇಳುತ್ತಿದ್ದ ಮಾತು ಅದು. ಅಕ್ಕ ಇಂಗ್ಲಿಷಿಗೆ ಅನ್ವಯಿಸಿಕೊಂಡಳು. ಆ ಪದಗಳಲ್ಲಿ ಒಂದನ್ನಾದರೂ ಅವಳು ಬಾಯಿಬಿಟ್ಟು ಬಳಸಿದ್ದನ್ನು ನಾನು ಕೇಳಲಿಲ್ಲ. ಮದುವೆಯಾಗಿ ಹೋಗುವಾಗ ಪುಸ್ತಕವನ್ನು ಟ್ರಂಕಿನಲ್ಲಿಟ್ಟುಕೊಂಡು ಹೋದಳು. ಅಲ್ಲಿಯೂ ಬಿಡುವಾದಾಗ ಬರೆಯುತ್ತಿದ್ದಳಂತೆ.

೧೯೭೯ರಲ್ಲಿ ಭಾವ ಇದ್ದಕ್ಕಿದ್ದಂತೆ ತೀರಿಕೊಂಡರು. ಎರಡು ಸಣ್ಣ ಮಕ್ಕಳು. ಇದ್ದ ಆಸ್ತಿಯೆಂದರೆ ಅಣ್ಣತಮ್ಮಂದಿರಿಬ್ಬರಿಗೂ ಸೇರಿದ ಒಂದು ಹಳೆಯ ಹೆಂಚಿನ ಮನೆ. ತಿಂಗಳು ಕಳೆಯುವುದರೊಳಗೆ ಭಾವನ ಅಣ್ಣ ಛಾಪಾ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಟೈಪು ಮಾಡಿಸಿದ ಎರಡು ಹಾಳೆಗಳನ್ನು ತಂದು, "ಖಾತೆ ಬದಲಾವಣೆಗೆ ಬೇಕಮ್ಮ, ಇಲ್ಲೊಂದು ಇಲ್ಲೊಂದು ರುಜು ಹಾಕು" ಎಂದರು. ಅವರು ದುಷ್ಟರೆಂದು ನಾನು ಹೇಳಲಾರೆ. ಅವರಿಗೂ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರು. ಕಷ್ಟದಲ್ಲಿರುವ ಮನುಷ್ಯನಿಗೆ ತನ್ನ ಅನುಕೂಲವೇ ನ್ಯಾಯವೆಂದು ತೋರುವುದುಂಟು.

"ಇಟ್ಟು ಹೋಗಿ ಭಾವಾ, ಬೆಳಗ್ಗೆ ಕೊಡ್ತೀನಿ" ಎಂದಳಂತೆ ಅಕ್ಕ. ಆ ರಾತ್ರಿ ಮಕ್ಕಳು ಮಲಗಿದ ಮೇಲೆ ಕುಳಿತು ಓದಿದಳು. ಖಾತೆಯ ಮಾತು ಒಂದು ಕಡೆ ಇತ್ತು. ಅದಕ್ಕಿಂತ ಮೊದಲು 'ರಿಲಿಂಕ್ವಿಷ್' ಎಂಬ ಪದವಿತ್ತು. ಅವಳಿಗೆ ಅದರ ಮುಖಪರಿಚಯವಿತ್ತು. ಟ್ರಂಕಿನಿಂದ ಪುಸ್ತಕ ತೆಗೆದು ನೋಡಿದಳು. ಮೊದಲನೆಯ ಸಾಲಿನಲ್ಲಿ, ಮಂತ್ರಿಯೊಬ್ಬರು ತಮ್ಮ ಖಾತೆಯನ್ನು ರಿಲಿಂಕ್ವಿಷ್ ಮಾಡಿದರೆಂಬ ಸುದ್ದಿ. ಎರಡನೆಯದರಲ್ಲಿ, ಕ್ರಿಕೆಟ್ ಆಟಗಾರನೊಬ್ಬ ನಾಯಕತ್ವವನ್ನು ರಿಲಿಂಕ್ವಿಷ್ ಮಾಡಿದನೆಂಬ ಸುದ್ದಿ. 'ಕೈಬಿಡು, ಬಿಟ್ಟುಕೊಡು' ಎಂದು ಕನ್ನಡದಲ್ಲಿ ಅವಳದೇ ಅಕ್ಷರ.

ಬೆಳಗ್ಗೆ ಭಾವನ ಅಣ್ಣ ಬಂದರು. ಅಕ್ಕ ಕಾಫಿ ಕೊಟ್ಟು, ಕಾಗದವನ್ನೂ ಹಿಂದಕ್ಕೆ ಕೊಟ್ಟು ಹೇಳಿದ ಮಾತು ಇಷ್ಟೆ: "ಭಾವಾ, ಇದರಲ್ಲಿ ನಮ್ಮ ಭಾಗ ಬಿಟ್ಟುಕೊಟ್ಟಿದೀವಿ ಅಂತ ಇದೆ. ಮಕ್ಕಳಿಗೆ ನಾಳೆ ಏನು ಹೇಳಲಿ?" ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲವಂತೆ. ಆಮೇಲೆ, "ನಿನಗೆ ಇದನ್ನ ಯಾರು ಓದಿ ಹೇಳಿದರು?" ಎಂದರಂತೆ.

ಕಾನೂನು ಅವಳ ಕಡೆಗೇ ಇತ್ತು. ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮದಲ್ಲಿ ತೀರಿಕೊಂಡವನ ಹೆಂಡತಿಯೂ ಮಕ್ಕಳೂ ಮೊದಲನೆಯ ವರ್ಗದ ವಾರಸುದಾರರು. ಆದರೆ ರುಜು ಹಾಕಿ ಬಿಟ್ಟುಕೊಟ್ಟ ಮೇಲೆ ಕಾನೂನು ಎಷ್ಟು ದೂರ ಬೆನ್ನುಹತ್ತಿ ಬಂದೀತು? ಅರ್ಧ ಮನೆ ಅವಳಿಗೆ ಉಳಿಯಿತು. ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟು, ಹಪ್ಪಳ ಸಂಡಿಗೆ ಮಾಡಿ, ಇಬ್ಬರನ್ನೂ ಓದಿಸಿದಳು. ಭಾವನ ಅಣ್ಣನೊಂದಿಗೆ ಮಾತು ಬಿಡಲಿಲ್ಲ. ಅವರ ಮಗಳ ಮದುವೆಗೆ ಹೋಗಿ ಮೂರು ದಿನ ಅಡಿಗೆಯ ಮೇಲ್ವಿಚಾರಣೆ ನೋಡಿಕೊಂಡಳು. ಇದನ್ನೆಲ್ಲ ನಾನು ಬೆಂಗಳೂರಿನಿಂದ ಹೋದಾಗ ಹೇಳಿ, ಪುಸ್ತಕವನ್ನು ತೆರೆದು ತೋರಿಸಿದಳು. ರಿಲಿಂಕ್ವಿಷ್ ಎಂಬುದರ ಮೂರನೆಯ ಸಾಲು ತುಂಬಿತ್ತು. ಛಾಪಾ ಕಾಗದದ ವಾಕ್ಯವನ್ನೇ ಇಳಿಸಿಕೊಂಡು ಪಕ್ಕದಲ್ಲಿ ಚುಕ್ಕೆ ಇಟ್ಟಿದ್ದಳು.

ಅಕ್ಕನಿಗೆ ತಾನು ಮಾಡುತ್ತಿದ್ದುದಕ್ಕೆ ದೊಡ್ಡ ದೊಡ್ಡವರ ಮೇಲ್ಪಂಕ್ತಿಯಿದೆ ಎಂಬುದು ಗೊತ್ತಿರಲಿಲ್ಲ. ಆಕ್ಸ್‌ಫರ್ಡಿನ ಮಹಾನಿಘಂಟು ಬೆಳೆದದ್ದು ಇದೇ ಕ್ರಮದಲ್ಲಿ. ಅದರ ಸಂಪಾದಕ ಜೇಮ್ಸ್ ಮರೆ ಅವರು ೧೮೭೯ರಲ್ಲಿ ಸಾರ್ವಜನಿಕರಿಗೆ ಒಂದು ವಿಜ್ಞಾಪನೆ ಹೊರಡಿಸಿದರು. ನೀವು ಓದುವ ಪುಸ್ತಕದಲ್ಲಿ ಗಮನಾರ್ಹವಾದ ಪದ ಕಂಡರೆ, ಅದು ಬಂದಿರುವ ವಾಕ್ಯವನ್ನು ಚೀಟಿಯಲ್ಲಿ ಬರೆದು ಕಳುಹಿಸಿ ಎಂದು. ಪದಕ್ಕೆ ನಿಮಗೆ ತೋರಿದ ಅರ್ಥವನ್ನು ಕಳುಹಿಸಿ ಎನ್ನಲಿಲ್ಲ, ವಾಕ್ಯ ಬೇಕೆಂದರು. ಲಕ್ಷಗಟ್ಟಲೆ ಚೀಟಿಗಳು ಬಂದವು. ೧೯೧೫ರಲ್ಲಿ ಮರೆ ತೀರಿಕೊಂಡಾಗ ಕೆಲಸ ಇನ್ನೂ ಮುಗಿದಿರಲಿಲ್ಲ. ನಮ್ಮ ಕಿಟ್ಟೆಲ್ ಅವರ ಮಾತೂ ಅದೇ. ೧೮೫೩ರಲ್ಲಿ ಜರ್ಮನಿಯಿಂದ ಬಂದ ಆ ಪಾದ್ರಿಗಳು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕನ್ನಡ-ಇಂಗ್ಲಿಷು ನಿಘಂಟಿನಲ್ಲಿ ಸುಮಾರು ೭೦,೦೦೦ ಪದಗಳಿವೆ. ಅದನ್ನು ತೆರೆದು ನೋಡಿದವರಿಗೆ ಗೊತ್ತು, ಪದದ ಹಿಂದೆಯೇ ಗಾದೆ ಬರುತ್ತದೆ, ಕವಿಯ ಪ್ರಯೋಗ ಬರುತ್ತದೆ. ಪರಭಾಷೆಯವರಾದ್ದರಿಂದಲೇ ಅವರಿಗೆ ಇದು ಹೊಳೆದಿರಬೇಕು. ಒಂಟಿ ಪದವನ್ನು ನಂಬಬಾರದು, ಅದರ ಜೊತೆಯವರನ್ನೂ ವಿಚಾರಿಸಬೇಕು ಎಂದು.

ಎರಡು ಸಾಲು ಖಾಲಿ ಬಿಡುವ ಅಕ್ಕನ ಪದ್ಧತಿಗೂ ಸಮರ್ಥನೆ ಉಂಟು. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು ೧೮೮೫ರಲ್ಲಿ ಪ್ರಕಟಿಸಿದರು. ಕಲಿತದ್ದರಲ್ಲಿ ಬಹುಪಾಲು ಮೊದಲ ದಿನವೇ ಸೋರಿಹೋಗುತ್ತದೆ. ಆದರೆ ಒಂದೇ ದಿನ ಹತ್ತು ಸಲ ಉರುಹೊಡೆಯುವುದಕ್ಕಿಂತ ಬಿಡುವು ಕೊಟ್ಟು ಕೊಟ್ಟು ಮತ್ತೆ ನೋಡಿದರೆ ನಿಲ್ಲುತ್ತದೆ ಎಂದು ಅವರು ಕಂಡುಕೊಂಡರು. ಈಗಿನ ಮೊಬೈಲಿನ ಶಬ್ದಪಾಠಗಳಲ್ಲಿ ಒಳ್ಳೆಯವು ಈ ತತ್ತ್ವವನ್ನೇ ಅನುಸರಿಸುತ್ತವೆ. ಪಟ್ಟಿಯೇ ಬೇಕೆನ್ನುವ ವಿದ್ಯಾರ್ಥಿಗಳಿಗೆ ಚೊಕ್ಕವಾದ ಪಟ್ಟಿಯೂ ಇದೆ. ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ ಎಂಬಾಕೆ ೨೦೦೦ದಲ್ಲಿ, ವಿದ್ವತ್ಪೂರ್ಣ ಬರಹಗಳಲ್ಲೆಲ್ಲ ಮತ್ತೆ ಮತ್ತೆ ಬರುವ ಪದಗಳನ್ನು ೫೭೦ ಕುಟುಂಬಗಳಾಗಿ ವಿಂಗಡಿಸಿ ಕೊಟ್ಟರು. ಮೂರೂವರೆ ಸಾವಿರವನ್ನು ಕಂಡು ಬೆದರಿದವರು ಈ ಐನೂರೆಪ್ಪತ್ತರಿಂದ ತೊಡಗಬಹುದು. ಆದರೆ ಪಟ್ಟಿ ಯಾವುದೇ ಆಗಲಿ, ಪದವನ್ನು ಪಟ್ಟಿಯಿಂದ ಇಳಿಸಿ ವಾಕ್ಯದೊಳಗೆ ಕೂಡಿಸುವ ಕೆಲಸವನ್ನು ನಾವೇ ಮಾಡಬೇಕು.

ಢಾಕಾದ ವೆಸ್ಟ್ ಅವರ ಮಾತನ್ನು ನೆನಪಿನಲ್ಲಿಡಬೇಕೆಂದು ಮೇಲೆ ಕೇಳಿಕೊಂಡಿದ್ದೆ. ಇಂಗ್ಲಿಷು ನಮಗೆ ಮೊದಲು ಬೇಕಾಗಿರುವುದು ಓದಿ ತಿಳಿದುಕೊಳ್ಳುವುದಕ್ಕೆ. ನೂರು ವರ್ಷವಾದರೂ ಅದು ಹಳೆಯದಾಗಿಲ್ಲ. ಸಂವಿಧಾನದ ೩೪೮ನೆಯ ವಿಧಿಯಂತೆ ಉಚ್ಚ ನ್ಯಾಯಾಲಯದ ವ್ಯವಹಾರ ಇಂದಿಗೂ ಇಂಗ್ಲಿಷಿನಲ್ಲೇ ನಡೆಯುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಯ ಕಡೆಯವರ ಮುಂದೆ ಇಡುವ ಒಪ್ಪಿಗೆಯ ಪತ್ರ, ಮನೆಸಾಲದ ಕರಾರು, ವಿಮೆಯ ಷರತ್ತುಗಳು, ಇವೆಲ್ಲ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಬರುತ್ತವೆ. ಅವುಗಳಲ್ಲಿ 'ನಾಟ್‌ವಿತ್‌ಸ್ಟ್ಯಾಂಡಿಂಗ್' ಎಂಬ ಒಂದು ಪದವಿರುತ್ತದೆ. ಮೇ‍ಲೆ ಏನೇ ಹೇಳಿದ್ದರೂ ಅದನ್ನು ಲೆಕ್ಕಿಸದೆ, ಎಂದು ಅದರ ಅರ್ಥ. ಆ ಒಂದು ಪದ ಮೇಲಿನ ಎರಡು ಪುಟದ ಭರವಸೆಯನ್ನು ಒರೆಸಿಹಾಕಬಲ್ಲದು. 'ವೇವ್' ಎಂದರೆ ಇಲ್ಲಿ ಸಮುದ್ರದ ಅಲೆಯಲ್ಲ, ಹಕ್ಕನ್ನು ಬಿಡುವುದು. ಉಚ್ಚಾರ ಒಂದೇ, ಕಾಗುಣಿತದಲ್ಲಿ ಒಂದಕ್ಷರ ಹೆಚ್ಚು. 'ಇಂಡೆಮ್ನಿಫೈ' ಎಂದರೆ ಇನ್ನೊಬ್ಬರಿಗಾಗುವ ನಷ್ಟವನ್ನು ನಾವು ಕಟ್ಟಿಕೊಡುವುದು. ಇವು ಸಭೆಯಲ್ಲಿ ಆಡಿ ಹೆಸರು ಗಳಿಸುವ ಪದಗಳಲ್ಲ. ಆಡಿದರೆ ಜನ ನಗುತ್ತಾರೆ. ಆದರೆ ಬೇರೆಯವರು ನಮ್ಮ ಮೇಲೆ ಇವನ್ನು ಪ್ರಯೋಗಿಸುವಾಗ ಗೊತ್ತಿಲ್ಲದಿದ್ದರೆ ಅಳಬೇಕಾಗುತ್ತದೆ.

ಇಂಥ ಕಾಗದಗಳು ಕನ್ನಡದಲ್ಲೇ ಬರಬೇಕು, ನಿಜ. ಅದಕ್ಕಾಗಿ ಹೋರಾಡುವವರೊಂದಿಗೆ ನಾನೂ ಇದ್ದೇನೆ. ಅವು ಕನ್ನಡದಲ್ಲಿ ಬರುವವರೆಗೆ ಜನ ರುಜು ಹಾಕುವುದು ನಿಲ್ಲುವುದಿಲ್ಲವಲ್ಲ.

ಪಕ್ಕದ ಮನೆಯ ಹುಡುಗಿಗೆ ಅಕ್ಕನ ಕಥೆಯನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತ, ನಮ್ಮ ಪಟ್ಟಿಯಲ್ಲಿ ರಿಲಿಂಕ್ವಿಷ್ ಇದೆ. 'ಬಿಟ್ಟುಕೊಡು' ಅಂತ ಓದಿ ಮುಂದಕ್ಕೆ ಹೋಗಿದ್ದೆ" ಎಂದಳು. ಮುಂದಕ್ಕೆ ಹೋಗಲಿ, ಪರೀಕ್ಷೆ ಹತ್ತಿರ ಬಂದಿದೆ, ಅಮೆರಿಕ ದೂರವಿದೆ. ಅಲ್ಲಿ ಇಳಿದ ದಿನವೇ ಬಾಡಿಗೆ ಮನೆಯ ಕರಾರೆಂದು ಇಪ್ಪತ್ತು ಪುಟ ಕೈಗೆ ಕೊಡುತ್ತಾರಂತೆ. ರಾತ್ರಿ ಕುಳಿತು ಓದಿ, ಬೆಳಗ್ಗೆ ರುಜು ಹಾಕು ಎಂದು ಹೇಳಿದ್ದೇನೆ.